ಇಳಿದ ತೂಕ ಮೂರು ವರ್ಷದ ಮೇಲೂ ಉಳಿದಿದೆಯೇ ಎಂದು ಕೇಳಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಳೆದ ವರ್ಷ ಇಲ್ಲಿ ಮುಂಬಯಿಯ ಉಪನಗರದ ಒಂದು ಕನ್ನಡ ಸಂಘದ ಮಹಿಳಾ ವಿಭಾಗದ ಕಾರ್ಯಕ್ರಮಕ್ಕೆ ಹೋಗಿದ್ದೆ. ಹಾಡು, ರಂಗೋಲಿ ಸ್ಪರ್ಧೆಗಳ ನಡುವೆ, ಮೂರು ತಿಂಗಳಲ್ಲಿ ಹತ್ತು ಕಿಲೋಗಿಂತ ಹೆಚ್ಚು ತೂಕ ಇಳಿಸಿದ ಮೂವರು ಸದಸ್ಯೆಯರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸಿದರು. ಅವರಲ್ಲಿ ಒಬ್ಬಳು ಮೂವತ್ತು ವರ್ಷಗಳ ಹಿಂದೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈ ವರ್ಷ ಅದೇ ಕಾರ್ಯಕ್ರಮದಲ್ಲಿ ಆಕೆ ಸಭಾಗೃಹದ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿದ್ದಳು. ನಾನೇ ಹೋಗಿ ಮಾತನಾಡಿಸಿದಾಗ ಆಕೆ ಮೊದಲು ಆಡಿದ ಮಾತು, "ಎಲ್ಲಾ ವಾಪಸ್ ಬಂತು ಟೀಚರ್, ನನ್ನ ಕೈಯಲ್ಲಿ ಆಗಲಿಲ್ಲ" ಎಂಬುದು. ಊಟಕ್ಕೂ ನಿಲ್ಲದೆ ಹೊರಟುಹೋದಳು.

ಆ ಮಾತು ನನ್ನನ್ನು ಈ ಪತ್ರ ಬರೆಯಲು ಕೂರಿಸಿದೆ. ಆಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆಕೆಗೆ ಒಪ್ಪಿಸಿದ ಕೆಲಸವೇ ಯಾರಿಂದಲೂ ಹೆಚ್ಚು ಕಾಲ ನಡೆಸಲಾಗದಂಥದ್ದಾಗಿತ್ತು. ಲೋಕಲ್ ರೈಲಿನ ಮಹಿಳಾ ಡಬ್ಬಿಯ ಗೋಡೆಯಿಂದ ಹಿಡಿದು ನಮ್ಮ ಸಂಘಗಳ ಸ್ಮರಣ ಸಂಚಿಕೆಗಳವರೆಗೆ "30 ದಿನಗಳಲ್ಲಿ 10 ಕಿಲೋ" ಎಂಬ ಜಾಹೀರಾತು ಹಬ್ಬಿದೆ; ಮೊಬೈಲಿಗೆ ಬರುವವಂತೂ ಲೆಕ್ಕಕ್ಕಿಲ್ಲ. ಈ ಭರವಸೆಯನ್ನು ನಂಬಿ ಹಣ ಕಟ್ಟಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಮೊದಲು ನನ್ನದನ್ನೇ ಹೇಳುತ್ತೇನೆ.

2013ರಲ್ಲಿ ಮಗಳ ಮದುವೆ ನಿಶ್ಚಯವಾದಾಗ ನನ್ನ ತೂಕ 76 ಕಿಲೋ ಇತ್ತು. ಎತ್ತರ 155 ಸೆಂಟಿಮೀಟರ್. ಮದುವೆಯ ಹೊತ್ತಿಗೆ ಸಣ್ಣಗಾಗಬೇಕೆಂಬ ಆಸೆಯಿಂದ ತೂಕ ಇಳಿಸುವ ಒಂದು ಕೇಂದ್ರದಲ್ಲಿ ಮೂರು ತಿಂಗಳ ಪ್ಯಾಕೇಜ್ ತೆಗೆದುಕೊಂಡೆ. ಬೆಳಿಗ್ಗೆ ನೀರಿನಲ್ಲಿ ಕಲಸಿದ ಪುಡಿ, ಮಧ್ಯಾಹ್ನ ಬೇಯಿಸಿದ ತರಕಾರಿ, ರಾತ್ರಿ ಸೂಪು. ದಿನಕ್ಕೆ ಒಟ್ಟು ಸಾವಿರ ಕ್ಯಾಲರಿ ಎಂದು ಅವರೇ ಬರೆದುಕೊಟ್ಟಿದ್ದರು. 11 ಕಿಲೋ ಇಳಿಯಿತು. ಮದುವೆಯಲ್ಲಿ ನೋಡಿದವರೆಲ್ಲ ಹೊಗಳಿದರು. ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತಿದ್ದುದು ಮಾತ್ರ ನನಗೂ ಬಾಚಣಿಗೆಗೂ ಗೊತ್ತಿತ್ತು. ಮದುವೆ ಮುಗಿದ ಮೇಲೆ ಮನೆಯ ಊಟಕ್ಕೆ ಮರಳಿದೆ. ಅತಿಯಾಗಿ ಏನೂ ತಿನ್ನಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ. ಹಾಗಿದ್ದರೂ 2015ರ ಕೊನೆಗೆ ನಾನು 79 ಕಿಲೋ ಇದ್ದೆ. ಕೇಂದ್ರದವರನ್ನು ಕೇಳಿದ್ದಕ್ಕೆ, ನಿಮಗೆ ಮನೋಬಲ ಸಾಲದು, ಇನ್ನೊಂದು ಪ್ಯಾಕೇಜ್ ತೆಗೆದುಕೊಳ್ಳಿ ಎಂದರು. ಆಗ ನಾನದನ್ನು ನಂಬಿದ್ದೆ. ಮೂರೂವರೆ ದಶಕ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ನಾಲ್ಕು ಊಟದ ಡಬ್ಬಿ ಕಟ್ಟಿ, ಡೊಂಬಿವಲಿಯಿಂದ ದಾದರ್‌ಗೆ ನಿಂತುಕೊಂಡೇ ಹೋಗಿ ಪಾಠ ಮಾಡಿ ಬಂದ ಹೆಂಗಸಿಗೆ ಮನೋಬಲವಿಲ್ಲ ಎಂದರೆ ಅದನ್ನು ಹೇಗೆ ನಂಬಿದೆನೋ ಈಗ ಆಶ್ಚರ್ಯವಾಗುತ್ತದೆ.

ಇಳಿದ ತೂಕ ಏಕೆ ಮರಳುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿದೆ. ಮೊದಲ ವಾರದಲ್ಲಿ ಇಳಿಯುವ ಎರಡು ಮೂರು ಕಿಲೋದಲ್ಲಿ ಹೆಚ್ಚಿನದು ನೀರು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್‌ನ (ದೇಹ ಕೂಡಿಟ್ಟ ಸಕ್ಕರೆಯ ರೂಪ) ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಥಟ್ಟನೆ ಕಡಿಮೆಯಾದಾಗ ಆ ಶೇಖರ ಖರ್ಚಾಗಿ ನೀರೂ ಹೋಗುತ್ತದೆ, ಊಟ ಮರಳಿದಾಗ ಎರಡೂ ಮರಳುತ್ತವೆ. ಮುಂದಿನ ವಾರಗಳಲ್ಲಿ ಕೊಬ್ಬು ಕರಗುವುದು ನಿಜ. ಅದರ ಜೊತೆಗೆ ಸ್ನಾಯುವೂ ಕರಗುತ್ತದೆ. ಅಷ್ಟರಲ್ಲಿ ದೇಹ, ಬರಗಾಲ ಬಂದಿದೆ ಎಂದು ತಿಳಿದು ತನ್ನ ಖರ್ಚನ್ನು ಬಿಗಿಹಿಡಿಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ.

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿ ಅಧ್ಯಯನ ಮಾಡಿದರು. ಯುದ್ಧದಿಂದ ಹಸಿದಿದ್ದ ಯುರೋಪಿನ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ಯುವಕರು ಸುಮಾರು ಕಾಲುಭಾಗ ತೂಕ ಕಳೆದುಕೊಂಡರು. ಹಗಲೂ ರಾತ್ರಿಯೂ ಅವರಿಗೆ ಊಟದ್ದೇ ಧ್ಯಾನ, ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುತ್ತಿದ್ದರು. ಮತ್ತೆ ಊಟ ಸಿಕ್ಕಿದಾಗ ಎಷ್ಟು ತಿಂದರೂ ತೃಪ್ತಿಯಾಗದೆ, ಮೊದಲಿಗಿಂತ ಹೆಚ್ಚು ಕೊಬ್ಬು ಬೆಳೆಸಿಕೊಂಡರು. ಅವರಿಗೆ ಕೊಟ್ಟ 'ಅರೆಹೊಟ್ಟೆ' ಊಟ ದಿನಕ್ಕೆ ಸುಮಾರು 1,570 ಕ್ಯಾಲರಿಯದು. ಅವರು ಯುವಕರು, ಅವರಿಗೆ ವಾರವಾರವೂ ಮೈಲುಗಟ್ಟಲೆ ನಡೆಯುವ ನಿಯಮವಿತ್ತು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ವಿಜ್ಞಾನಿಗಳು ಉಪವಾಸದ ಪ್ರಯೋಗಕ್ಕೆಂದು ಗೊತ್ತುಪಡಿಸಿದ ಪ್ರಮಾಣಕ್ಕಿಂತಲೂ ಕಡಿಮೆಯದನ್ನು, ಇಡೀ ಮನೆಗೆ ಬೇಯಿಸಿ ಬಡಿಸುವ ಹೆಂಗಸಿನ ಕೈಗೆ ಕೊಟ್ಟು, ಅವಳ ಮನೋಬಲವನ್ನು ಅಳೆಯುವುದು ನ್ಯಾಯವಲ್ಲ.

ಇದಾದ ಬಹಳ ವರ್ಷಗಳ ಮೇಲೆ, ಅಮೆರಿಕದ ದೂರದರ್ಶನದ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಮತ್ತು ಸಂಗಡಿಗರು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರಿಗೆ 41 ಕಿಲೋ ಮರಳಿ ಬಂದಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸುಮ್ಮನೆ ಕುಳಿತಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರದವರು ಖರ್ಚು ಮಾಡಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿಯಷ್ಟು ಕಡಿಮೆಯಿತ್ತು, ಅದೂ ಆರು ವರ್ಷಗಳ ನಂತರ. ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳು ತೀವ್ರ ಪಥ್ಯದ ಒಂದು ವರ್ಷದ ಮೇಲೂ ಮೊದಲಿನ ಸ್ಥಿತಿಗೆ ಬಂದಿರುವುದಿಲ್ಲವೆಂದು 2011ರ ಇನ್ನೊಂದು ಅಧ್ಯಯನ ತೋರಿಸಿತ್ತು. ನನ್ನ ಶಿಷ್ಯೆ ಕಂಬದ ಮರೆಯಲ್ಲಿ ಕೂರುವುದಕ್ಕೆ ಮುಂಚೆ ಯಾರಾದರೂ ಇದನ್ನು ಅವಳಿಗೆ ಹೇಳಬೇಕಿತ್ತು.

ನಮ್ಮ ಭಾಷೆಯಲ್ಲಿ ಪಥ್ಯ ಎಂಬ ಪದಕ್ಕೆ ಒಂದು ಅವಧಿಯಿದೆ. ಬಾಣಂತಿಗೆ ಪಥ್ಯ, ಕಾಮಾಲೆಗೆ ಪಥ್ಯ, ಮದ್ದು ಮುಗಿಯುವವರೆಗೆ ಪಥ್ಯ. 'ಪಥ್ಯ ಬಿಡುವ' ದಿನವೊಂದು ಬರುತ್ತದೆ, ಆ ದಿನ ಎಲ್ಲವೂ ಹಿಂದಿನಂತೆ ಆಗುತ್ತದೆ. ಡಯಟ್ ಎಂಬುದನ್ನು ನಾವು ಇದೇ ಅರ್ಥದಲ್ಲಿ ತೆಗೆದುಕೊಂಡಿದ್ದೇವೆ. ಆದರೆ ಬೊಜ್ಜು ಬಂದದ್ದು ಎರಡು ವಾರದ ಜ್ವರದಂತೆ ಅಲ್ಲ. ದಿನದಿನದ ಊಟ, ಕೂರುವಿಕೆ, ನಿದ್ದೆಗೇಡುಗಳು ಇಪ್ಪತ್ತು ವರ್ಷ ಕೂಡಿಕೊಂಡು ಅದನ್ನು ತಂದಿವೆ. ಬಿಡುವ ದಿನವೇ ಇಲ್ಲದ ರೂಢಿಗಳಿಂದ ಮಾತ್ರ ಅದು ಹತೋಟಿಗೆ ಬರುತ್ತದೆ. ಬಿಡುವ ದಿನವಿಲ್ಲ ಎಂದಮೇಲೆ ಆ ರೂಢಿ ಸಹಿಸಲಾಗುವಂಥದ್ದೂ ಆಗಿರಬೇಕು.

ಇದು ಮದುವೆಯ ಫೋಟೋದ ಪ್ರಶ್ನೆಯಾಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ನಮ್ಮ ಜನರ ದೇಹಪ್ರಕೃತಿಯ ಬಗ್ಗೆ ಮಹತ್ವದ ಸಂಶೋಧನೆ ನಡೆದಿರುವುದು ಇಲ್ಲೇ ಪಕ್ಕದ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಡಾ. ಚಿತ್ತರಂಜನ ಯಾಜ್ಞಿಕ್ ಅವರು ತಮ್ಮ ಬ್ರಿಟಿಷ್ ಸಹೋದ್ಯೋಗಿ ಜಾನ್ ಯಡ್ಕಿನ್ ಅವರ ಜೊತೆ ನಿಂತ ಒಂದು ಭಾವಚಿತ್ರ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕಂತೆ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದ್ದೂ 22.3. ಆದರೆ ಯಡ್ಕಿನ್ ಅವರ ದೇಹದಲ್ಲಿ ಶೇ 9.1ರಷ್ಟು ಕೊಬ್ಬಿದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2ರಷ್ಟಿತ್ತು. ನೋಡಲು ತೆಳ್ಳಗಿದ್ದರೂ ಒಳಗೆ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಕೂಡಿಸಿಕೊಳ್ಳುವುದು ನಮ್ಮವರ ಲಕ್ಷಣ. ಆದ್ದರಿಂದಲೇ ನಮ್ಮ ದೇಶದಲ್ಲಿ ಬಿಎಂಐ 23 ದಾಟಿದರೆ ಹೆಚ್ಚಿನ ತೂಕವೆಂದೂ 25 ದಾಟಿದರೆ ಬೊಜ್ಜೆಂದೂ ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದೆನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಶೇ 39.5ರಷ್ಟು ವಯಸ್ಕರಿಗೆ ಹೊಟ್ಟೆಯ ಬೊಜ್ಜಿದೆ. ಮಧುಮೇಹದಲ್ಲಿ ಎಲ್ಲಕ್ಕಿಂತ ಮುಂದಿರುವುದು ನಮ್ಮ ನೆರೆಯ ಗೋವಾ, ಶೇ 26.4.

ಈ ಸಂದರ್ಭದಲ್ಲಿ ನಾನು ಎಲ್ಲರಿಗೂ ಹೇಳಬಯಸುವ ಇನ್ನೊಂದು ಅಧ್ಯಯನ ಚೆನ್ನೈಯದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಕಾಲ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟವರಲ್ಲಿ ಶೇ 55ರಷ್ಟು ಜನರಿಗೆ ಮಧುಮೇಹ ಬಂದರೆ, ನಡಿಗೆ ಮತ್ತು ಮಿತವಾದ ಊಟವನ್ನು ರೂಢಿಸಿಕೊಂಡವರಲ್ಲಿ ಅದು ಶೇ 39ರಷ್ಟಿತ್ತು. ಇದರಲ್ಲಿ ನನ್ನ ಕಣ್ಣು ತೆರೆಸಿದ ವಿಷಯವೆಂದರೆ ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ತೂಕದ ಯಂತ್ರದ ಮುಳ್ಳು ಕದಲದಿದ್ದರೂ ಒಳಗೆ ಒಳಿತು ನಡೆದಿತ್ತು. ವೇದಿಕೆಯ ಮೇಲೆ ಕಿಲೋಗಳನ್ನು ಎಣಿಸಿ ಶಾಲು ಹೊದಿಸುವಾಗ ಇಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ.

2016ರಲ್ಲಿ ನನಗೂ ಮಧುಮೇಹದ ಅಂಚು ಎಂದು ವೈದ್ಯರು ಹೇಳಿದಾಗ, ಈ ಸಲ ಯಾವ ಪ್ಯಾಕೇಜೂ ಬೇಡ, ಮನೆಯ ಅಡುಗೆಯನ್ನೇ ತಿದ್ದುತ್ತೇನೆ ಎಂದು ನಿರ್ಧರಿಸಿದೆ. ಮೊದಲು ನೋಡಿದ್ದು ಎಣ್ಣೆಯ ಲೆಕ್ಕ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು. ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ, ಗ್ರಾಮಿಗೆ ಒಂಬತ್ತು ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲರಿಯ ಊಟಕ್ಕೆ ಹೇಳುವುದು 27 ಗ್ರಾಂ. ನಾನು ಒಗ್ಗರಣೆ ನಿಲ್ಲಿಸಲಿಲ್ಲ. ಒಗ್ಗರಣೆಯಿಲ್ಲದ ಸಾರನ್ನು ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಾಟಲಿಯಿಂದ ಸುರಿಯುವುದನ್ನು ಬಿಟ್ಟು ಚಮಚದಿಂದ ಹಾಕತೊಡಗಿದೆ. ಭಾನುವಾರದ ಬಂಗುಡೆಯನ್ನು ಎರಡು ವಾರಕ್ಕೊಮ್ಮೆ ಹುರಿದು, ಉಳಿದ ವಾರ ಸಾರು ಮಾಡಿದೆ. ಈಗ ತಿಂಗಳಿಗೆ ಮೂರು ಲೀಟರ್ ಸಾಕಾಗುತ್ತದೆ. ಚಹಾದ ಸಕ್ಕರೆಯೂ ಹಾಗೆಯೇ: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ನಲವತ್ತು ಗ್ರಾಂ. ಒಮ್ಮೆಗೇ ಬಿಡಲು ಹೋಗಿ ಹಿಂದೆ ಎರಡು ಸಲ ಸೋತಿದ್ದೆ. ಈ ಬಾರಿ ಎರಡು ತಿಂಗಳಿಗೊಮ್ಮೆ ಅರ್ಧ ಚಮಚದಂತೆ ಇಳಿಸಿದೆ. ಈಗ ನೆಂಟರ ಮನೆಯ ಚಹಾ ಕುಡಿದರೆ ಪಾಯಸ ಕುಡಿದಂತೆ ಅನಿಸುತ್ತದೆ.

ತಟ್ಟೆಯಲ್ಲಿ ಬಡಿಸುವ ಕ್ರಮವನ್ನು ಬದಲಿಸಿದ್ದು ಇವೆರಡಕ್ಕಿಂತ ದೊಡ್ಡ ಬದಲಾವಣೆ. ಮೊದಲು ನಮ್ಮಲ್ಲಿ ಅನ್ನದ ರಾಶಿ ನಡುವೆ, ಪಲ್ಯ ಉಪ್ಪಿನಕಾಯಿಯಷ್ಟು ಅಂಚಿಗೆ. ಈಗ ಮೊದಲು ಅರ್ಧ ತಟ್ಟೆ ಪಲ್ಯ, ಕೋಸಂಬರಿ. ಆಮೇಲೆ ಹೆಸರು, ಮಟಕಿ, ಹುರುಳಿಯಂಥ ಒಂದು ಕಾಳಿನ ಪದಾರ್ಥ. ಉಳಿದ ಜಾಗಕ್ಕೆ ಅನ್ನ ಅಥವಾ ಭಾಕರಿ. ಹರಿವೆ, ಬಸಳೆ, ಮೆಂತ್ಯ, ಚವಳಿಕಾಯಿ, ದೂಧಿ ಇವೆಲ್ಲ ನಮ್ಮ ಸ್ಟೇಷನ್ನಿನ ಹೊರಗೇ ಸಿಗುತ್ತವೆ. ಇದಕ್ಕಾಗಿ ವಿದೇಶದ ಕಾಳು, ಎಲೆ ತರಿಸಬೇಕಿಲ್ಲ. ಅನ್ನ ಬಿಡಬೇಕೆಂದು ನನ್ನನ್ನು ಕೇಳುವವರಿಗೆ ನಾನು ಬಿಡಬೇಡಿ ಎಂದೇ ಹೇಳುತ್ತೇನೆ. ಕರಾವಳಿಯಲ್ಲಿ ಹುಟ್ಟಿದವರು ಅನ್ನ ಬಿಟ್ಟು ಎಷ್ಟು ದಿನ ಇರಬಲ್ಲರು? ಆದರೆ, ನಮ್ಮ ಅಜ್ಜಿ ಎರಡು ಬಟ್ಟಲು ಕುಚ್ಚಲಕ್ಕಿ ಗಂಜಿ ಉಂಡು ತೊಂಬತ್ತು ವರ್ಷ ಬದುಕಿದರು ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಅಜ್ಜಿ ಆ ಗಂಜಿ ಉಂಡು ಗದ್ದೆಗಿಳಿದು ಸಂಜೆಯವರೆಗೆ ನೇಜಿ ನೆಡುತ್ತಿದ್ದರು. ಕಠಿಣ ಶ್ರಮದ ಹೆಂಗಸಿಗೆ ದಿನಕ್ಕೆ 2,720 ಕ್ಯಾಲರಿ ಬೇಕೆಂದೂ ಕುಳಿತು ಕೆಲಸ ಮಾಡುವವಳಿಗೆ 1,660 ಸಾಕೆಂದೂ ಪೋಷಣಾ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ. ಗದ್ದೆ ಊರಿನಲ್ಲೇ ಉಳಿದರೂ ಬಟ್ಟಲಿನ ಗಾತ್ರ ಮಾತ್ರ ನಮ್ಮೊಂದಿಗೆ ಮುಂಬಯಿಗೆ ಬಂದಿದೆ.

ನಡಿಗೆಯ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡಿಗೆಯೊಂದರಿಂದಲೇ ತೂಕ ಕರಗುತ್ತದೆ ಎಂದು ತಿಳಿಯುವುದು ಮಾತ್ರ ತಪ್ಪು. ನಾಲ್ಕು ಕಿಲೋಮೀಟರ್ ನಡೆದು ಖರ್ಚು ಮಾಡಿದ್ದನ್ನು ಹಿಂದಿರುಗುವಾಗ ತಿಂದ ಒಂದು ವಡಾಪಾವ್ ಪೂರ್ತಿ ಮರಳಿಸಿಬಿಡುತ್ತದೆ. ಇಳಿದ ತೂಕವನ್ನು ಹಿಡಿದಿಡುವುದರಲ್ಲಿ, ಸಕ್ಕರೆಯನ್ನು ಹತೋಟಿಯಲ್ಲಿಡುವುದರಲ್ಲಿ ನಡಿಗೆಯ ಪಾತ್ರ ದೊಡ್ಡದು. ಐವತ್ತು ದಾಟಿದವರು ವಾರಕ್ಕೆರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. ನಾನು ಕುರ್ಚಿಯಿಂದ ಕೈಯೂರದೆ ಹದಿನೈದು ಸಲ ಎದ್ದು ಕೂರುತ್ತೇನೆ, ನೀರು ತುಂಬಿದ ಎರಡು ಬಾಟಲಿ ಹಿಡಿದು ಕೈ ಎತ್ತುತ್ತೇನೆ.

ನಿಜವಾದ ಕಷ್ಟವಿರುವುದು ಈ ನಗರದ ಸಮಯದಲ್ಲಿ. ಡೊಂಬಿವಲಿ, ಕಲ್ಯಾಣ, ವಸಯಿ, ವಿರಾರ್‌ಗಳಲ್ಲಿ ಮನೆ ಮಾಡಿಕೊಂಡು ನಗರದಲ್ಲಿ ದುಡಿಯುವವರು ಬೆಳಗಿನ ಆರು ಗಂಟೆಗೆ ಹೊರಟು ರಾತ್ರಿ ಒಂಬತ್ತೂವರೆಗೆ ಮನೆ ಸೇರುತ್ತಾರೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಉಂಡವನು ಎಂಟೂವರೆ ಗಂಟೆ ಹಸಿದಿದ್ದು ಬಂದು ಮಿತವಾಗಿ ಉಣ್ಣಬೇಕೆಂದರೆ ಅದು ಆಗುವ ಮಾತಲ್ಲ. ಅವನು ಹತ್ತು ಗಂಟೆಗೆ ಹೊಟ್ಟೆ ತುಂಬ ಉಂಡು, ಹನ್ನೊಂದೂವರೆಗೆ ಮಲಗಿ, ನಾಲ್ಕೂವರೆಗೆ ಏಳುತ್ತಾನೆ. ನಿದ್ದೆ ಕಡಿಮೆಯಾದರೆ ಹಸಿವೂ ಹೆಚ್ಚುತ್ತದೆ: 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಶೇ 18ರಷ್ಟು ಇಳಿದು, ಹಸಿವೆಬ್ಬಿಸುವ ಗ್ರೆಲಿನ್ ಶೇ 28ರಷ್ಟು ಏರಿತ್ತು. ನಮ್ಮ ಮನೆಯಲ್ಲಿ ಕಂಡುಕೊಂಡ ದಾರಿ ಇಷ್ಟು: ಮಗನ ಚೀಲದಲ್ಲಿ ಎರಡನೆಯದೊಂದು ಚಿಕ್ಕ ಡಬ್ಬಿ. ಅದರಲ್ಲಿ ಬೇಯಿಸಿದ ಕಡಲೆ, ಹುರಿಗಡಲೆ ಅಥವಾ ಒಂದು ಹಣ್ಣು. ಆರೂವರೆಗೆ, ರೈಲು ಹತ್ತುವ ಮುಂಚೆ, ಅದನ್ನು ತಿನ್ನುತ್ತಾನೆ. ಪ್ಲಾಟ್‌ಫಾರ್ಮಿನ ಸಮೋಸ ತಾನಾಗಿ ತಪ್ಪಿತು, ರಾತ್ರಿಯ ಊಟ ಅರ್ಧವಾಯಿತು, ಮಲಗುವುದೂ ಮುಕ್ಕಾಲು ಗಂಟೆ ಬೇಗವಾಯಿತು. ಅವನಿಗೆ ಯಾರೂ ಡಯಟ್ ಹೇಳಿರಲಿಲ್ಲ, ಎರಡು ವರ್ಷದಲ್ಲಿ ಐದು ಕಿಲೋ ಇಳಿದಿದ್ದಾನೆ.

ಹೋಟೆಲ್ ಕೆಲಸದವರನ್ನು ಇಲ್ಲಿ ನೆನೆಯದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಕೆಲವು ವರ್ಷ ನಾನು ರಾತ್ರಿಶಾಲೆಯಲ್ಲಿಯೂ ಪಾಠ ಮಾಡಿದ್ದೆ. ಹೋಟೆಲಿನಲ್ಲಿ ದುಡಿಯುತ್ತಾ ಅಲ್ಲಿ ಓದಲು ಬರುತ್ತಿದ್ದ, ಆಗ ಕಡ್ಡಿಯಂತಿದ್ದ ಹುಡುಗರು ಇಂದು ಐವತ್ತರ ಹತ್ತಿರ ಬಂದಿದ್ದಾರೆ. ಕೈಕಾಲು ಈಗಲೂ ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ, ಹಲವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಹನ್ನೆರಡು ಗಂಟೆ ನಿಂತೇ ದುಡಿಯುವವರಿಗೆ ಇದೇಕೆ ಬಂತೆಂದು ಅವರೇ ಕೇಳುತ್ತಾರೆ. ಅವರ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ರಾತ್ರಿಯದು ಗಿರಾಕಿಗಳು ಹೋದ ಮೇಲೆ ಹನ್ನೆರಡಕ್ಕೆ. ಅದರಲ್ಲಿ ಅನ್ನ, ತೆಳುಸಾರು ಮತ್ತು ಉಳಿದ ಕರಿದ ತಿಂಡಿ. ನಡುವೆ ಹಸಿವು ಮುರಿಯಲು ಸಕ್ಕರೆ ಚಹಾ. ಮಾಲೀಕರಲ್ಲಿ ಬಹಳ ಮಂದಿ ತಾವೂ ಇದೇ ಹಾದಿಯಲ್ಲಿ ಬಂದವರು. ಕೆಲಸದವರ ಊಟಕ್ಕೆ ದಿನವೂ ಒಂದು ಪಲ್ಯ, ಒಂದು ಕಾಳಿನ ಪದಾರ್ಥ ಸೇರಿಸುವುದೂ, ಪಾಳಿಯಂತೆ ಇಬ್ಬಿಬ್ಬರನ್ನು ಒಂಬತ್ತು ಗಂಟೆಯೊಳಗೆ ಊಟಕ್ಕೆ ಬಿಡುವುದೂ ಅವರಿಗೆ ಹೊರೆಯಾಗಲಾರದು. ದಯವಿಟ್ಟು ಅವರು ಯೋಚಿಸಲಿ.

ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನೂ ಹೇಳಬೇಕು. ನಮ್ಮಲ್ಲಿ ಡಯಟ್ ಮಾಡುವುದು ಒಬ್ಬರೇ, ಹೆಚ್ಚಾಗಿ ಹೆಂಗಸು. ಗಂಡನಿಗೆ ಪೂರಿ, ಮಕ್ಕಳಿಗೆ ನೂಡಲ್ಸ್ ಮಾಡಿಕೊಟ್ಟು, ತಾನು ಮೂಲೆಯಲ್ಲಿ ಕುಳಿತು ಸೌತೆಕಾಯಿ ತಿನ್ನುತ್ತಾಳೆ. ಎಲ್ಲರೂ ಎದ್ದ ಮೇಲೆ, ಅನ್ನ ಚೆಲ್ಲಬಾರದೆಂದು ಪಾತ್ರೆಯಲ್ಲಿ ಉಳಿದದ್ದನ್ನು ತಾನೇ ಮುಗಿಸುತ್ತಾಳೆ. ಈ ಉಳಿದದ್ದನ್ನು ಮುಗಿಸುವ ಅಭ್ಯಾಸವೊಂದೇ ನನ್ನ ಎಷ್ಟೋ ಕಿಲೋಗಳಿಗೆ ಕಾರಣವಾಗಿತ್ತೆಂದು ನಾನು ನಂಬಿದ್ದೇನೆ. ಅಡುಗೆ ಒಂದೇ ಆಗಬೇಕು, ತಟ್ಟೆ ಎಲ್ಲರದ್ದೂ ಹಾಗೆಯೇ ಇರಬೇಕು, ಉಳಿದದ್ದು ಫ್ರಿಜ್ಜಿಗೆ ಹೋಗಬೇಕು. ಹೆಣ್ಣುಮಕ್ಕಳ ಎದುರು ಅವರ ಮೈಯ ಬಗ್ಗೆ ಮಾತನಾಡುವುದನ್ನಂತೂ ಇಂದೇ ನಿಲ್ಲಿಸಬೇಕು.

ಹೊಸ ರೂಢಿ ಎಷ್ಟು ದಿನದಲ್ಲಿ ಬೇರೂರುತ್ತದೆ? ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಅಭ್ಯಸಿಸಿ ನೋಡಿದಾಗ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವಂತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟವೇನೂ ಆಗಿರಲಿಲ್ಲ. ಇದು ನನಗೆ ಬಹಳ ಧೈರ್ಯ ಕೊಟ್ಟ ಮಾತು. ಗಣೇಶ ಚತುರ್ಥಿಗೆ ಮೋದಕ, ದೀಪಾವಳಿಗೆ ಫರಾಳ ನಾನು ತಿನ್ನುತ್ತೇನೆ, ಮನಸ್ಸಿನಲ್ಲಿ ಅಳುಕಿಲ್ಲದೆ ತಿನ್ನುತ್ತೇನೆ; ಮರುದಿನ ಉಪವಾಸ ಮಾಡಿ ಸರಿದೂಗಿಸುವುದಿಲ್ಲ, ನಿತ್ಯದ ತಟ್ಟೆಗೆ ಮರಳುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಮೂರು ಕಿಲೋ ಏರಿತ್ತು. ಹೊಸದೇನನ್ನೂ ಮಾಡದೆ ಒಂದು ವರ್ಷದಲ್ಲಿ ಅದೂ ಇಳಿಯಿತು. ಇವತ್ತು ನನ್ನ ತೂಕ 68. ಬಿಎಂಐ ಪಟ್ಟಿಯ ಪ್ರಕಾರ ಇದೂ ಹೆಚ್ಚೇ. ಆದರೆ ಸೊಂಟದ ಸುತ್ತಳತೆ 101 ಸೆಂಟಿಮೀಟರಿನಿಂದ 91ಕ್ಕೆ ಬಂದಿದೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.3ರಿಂದ 5.8ಕ್ಕೆ ಇಳಿದಿದೆ, ನನ್ನ ವೈದ್ಯರು ತೃಪ್ತರಾಗಿದ್ದಾರೆ. 79ರಿಂದ ಇಲ್ಲಿಗೆ ಬರಲು ನನಗೆ ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಔಷಧಿಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ನಾನು ಅಲ್ಲಗಳೆಯುತ್ತಿಲ್ಲ. ಬೊಜ್ಜು ತೀವ್ರವಾಗಿರುವವರಿಗೆ ವೈದ್ಯರು ಅವನ್ನು ಸೂಚಿಸಿದರೆ ಸಂಕೋಚಪಡಬೇಕಾದುದಿಲ್ಲ. ಆದರೆ ಈಚೆಗೆ ಬಹಳ ಮಾತಿಗೆ ಬಂದಿರುವ, ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿತೆಂದು ಅದರ ಅಧ್ಯಯನವೇ ತೋರಿಸಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಬದಲಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು, ಇಲ್ಲವಾದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.

ಸಂಪಾದಕರೇ, ತಮ್ಮಲ್ಲಿ ನನ್ನದೊಂದು ಕೋರಿಕೆ. ತೂಕ ಇಳಿಸಿದವರ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಪ್ರಸಂಗ ಬಂದಾಗ, ದಯವಿಟ್ಟು ಮೂರನೆಯದೊಂದು ಚಿತ್ರವನ್ನೂ ಕೇಳಿ: ಮೂರು ವರ್ಷದ ನಂತರದ್ದು. ಅದು ಇಲ್ಲದಿದ್ದರೆ, ಇಲ್ಲವೆಂದೇ ಅಡಿಬರಹದಲ್ಲಿ ತಿಳಿಸಿ. ನಮ್ಮ ಸಂಘಗಳವರಲ್ಲಿ ಕೇಳುವುದೂ ಇಷ್ಟೇ: ಶಾಲನ್ನು ಕಿಲೋಗೆ ಹೊದಿಸಬೇಡಿ. ವಾರ್ಷಿಕೋತ್ಸವದ ಊಟದಲ್ಲಿ ಎರಡು ಸಿಹಿ, ಎರಡು ಕರಿದ ತಿಂಡಿಗಳ ಬದಲು ಒಂದೊಂದು ಇರಲಿ, ಆ ಹಣದಲ್ಲಿ ಎರಡು ಪಲ್ಯ ಹೆಚ್ಚಿಸಿ. ಸಭಾಗೃಹದ ಬಾಗಿಲಲ್ಲಿ ಒಂದು ಅಳತೆ ಟೇಪು, ರಕ್ತದೊತ್ತಡ ನೋಡುವ ಒಬ್ಬ ದಾದಿ ಇರಲಿ. ಪ್ರತಿ ಬಡಾವಣೆಯಲ್ಲಿ ಸಂಜೆ ಒಟ್ಟಿಗೆ ನಡೆಯುವ ಹತ್ತು ಜನರ ಗುಂಪೊಂದನ್ನು ಮಹಿಳಾ ವಿಭಾಗದವರು ಕಟ್ಟಿದರೆ ಅದಕ್ಕೆ ಖರ್ಚೇ ಇಲ್ಲ.

ನಮ್ಮ ಬಡಾವಣೆಯಲ್ಲಿ ಅಂಥದೊಂದು ಗುಂಪು ನಾಲ್ಕು ತಿಂಗಳಿಂದ ನಡೆಯುತ್ತಿದೆ. ನನ್ನ ಶಿಷ್ಯೆಗೆ ಫೋನ್ ಮಾಡಿ ಕರೆದಿದ್ದೆ. ಮೊದಲ ಎರಡು ವಾರ ಬರಲಿಲ್ಲ, ಈಗ ಬರುತ್ತಾಳೆ. ಅವಳ ತೂಕ ಎಷ್ಟೆಂದು ನಾನು ಕೇಳಿಲ್ಲ. ಬರುವ ತಿಂಗಳು ಸಂಘದ ವಾರ್ಷಿಕೋತ್ಸವದ ಊಟದ ಪಟ್ಟಿ ಮಾಡುವ ಸಭೆಗೆ ನಾವಿಬ್ಬರೂ ಹೋಗಲಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಡೊಂಬಿವಲಿ ಪೂರ್ವ